ಕಾಕಾನ ಐದನೇ ಕರೆಯೋಲೆ

ನಮ್ಮ ಕಾಕಾನಷ್ಟು ಸಾಮಾಜಿಕ ಜಾಲತಾಣಗಳನ್ನು ಸೇರಿ, ಬೈದು, ಬಿಟ್ಟು, ಮತ್ತೆ ಸೇರಿದ ಮನುಷ್ಯ ಇಡೀ ಇಂಡಿ ತಾಲ್ಲೂಕಿನಲ್ಲಿ ಇನ್ನೊಬ್ಬನಿದ್ದರೆ ನನಗೆ ತೋರಿಸಿ. ಅವನಿಗೆ ನಾನು ಒಂದು ಚೀಲ ಲಿಂಬೆಹಣ್ಣು ಬಹುಮಾನ ಕೊಡುತ್ತೇನೆ. ಕೊಡುವುದಕ್ಕೆ ನನಗೇನು ಕಷ್ಟ, ತೋಟ ಕಾಕಾನದೇ ತಾನೇ!

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ವಯಸ್ಸು ಅರವತ್ತೆರಡು. ಸಾಲೋಟಗಿ ರಸ್ತೆಯಲ್ಲಿ ಲಿಂಬೆ ತೋಟ, ಇಂಡಿಯಲ್ಲಿ ಮನೆ, ಎರಡರ ನಡುವೆ ಓಡಾಡಲು ಒಂದು ಹಳೆಯ ಮೋಟರ್‌ಸೈಕಲ್ಲು. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ವಿಜ್ಞಾನ ಕಲಿಸುವವರಿಗೆ ಫೋನಿನ ಎಲ್ಲ ರೋಗಗಳಿಗೂ ಮದ್ದು ಗೊತ್ತಿರುತ್ತದೆ ಎಂಬುದು ಕಾಕಾನ ಗಟ್ಟಿ ನಂಬಿಕೆ. ನಾನು ಒಂಬತ್ತನೇ ತರಗತಿಯಲ್ಲಿ ಪಾಠ ಹೇಳುತ್ತಿರುವಾಗಲೇ ಅವನ ಕರೆ ಬರುತ್ತದೆ. ಮಗಳ ಸಮಾನಳಾದ ನನ್ನನ್ನು ಅವನು ಕರೆಯುವುದು 'ತಂಗಿ' ಎಂದೇ.

"ಏ ತಂಗಿ, ಪಾಸ್‌ವರ್ಡ್ ತಪ್ಪೈತಿ ಅನ್ನಾಕತ್ತೈತಿ. ಪಾಸ್‌ವರ್ಡ್ ನಂದು. ತಪ್ಪೋ ಒಪ್ಪೋ ನಾ ಹೇಳಬೇಕೋ, ಅದು ಹೇಳಬೇಕೋ?"

ಇದಕ್ಕೆ ವಿಜ್ಞಾನದಲ್ಲಿ ಉತ್ತರವಿದೆಯೇ? ನನಗಂತೂ ಸಿಕ್ಕಿಲ್ಲ.

ಹೊಸ ಆ್ಯಪ್ ಬಂತೆಂದರೆ ಕಾಕಾ ಅದನ್ನು ಸುಮ್ಮನೆ ಒಳಗೆ ಬಿಟ್ಟುಕೊಳ್ಳುವವನಲ್ಲ. ಲಿಂಬೆಹಣ್ಣನ್ನು ಕೈಯಲ್ಲಿ ಹಿಡಿದು ತಿರುಗಿಸಿ, ಹೆಬ್ಬೆರಳಿನಿಂದ ಒತ್ತಿ, ಮೂಸಿ ನೋಡುವ ಹಾಗೆ ಪರೀಕ್ಷೆ ಮಾಡುತ್ತಾನೆ. ಕನ್ನಡಕ ಹಾಕದೆ ಅಕ್ಷರ ಕಾಣುತ್ತದೆಯೇ? ನಮ್ಮ ಮನೆಯ ಗೋಡೆಯೊಳಗೆ ಸಿಗ್ನಲ್ಲು ಸತ್ತು ಹೋದಾಗಲೂ ಫೋಟೋ ತೆರೆದುಕೊಳ್ಳುತ್ತದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಬಿಟ್ಟು ಹೋಗುವುದು ಹೇಗೆ? "ಒಳಗ ಬರೂ ಬಾಗಲಾ ಎಲ್ಲಾರೂ ತೋರಸ್ತಾರ. ಹೊರಗ ಹೋಗೂದು ಎಲ್ಲೈತಿ, ಅದನ್ನ ಮೊದಲ ನೋಡಬೇಕು" ಎನ್ನುತ್ತಾನೆ. ಒಮ್ಮೆ ಒಂದು ಆ್ಯಪಿನಲ್ಲಿ ಹೊರಗೆ ಹೋಗುವ ಬಾಗಿಲು ಹುಡುಕುತ್ತ ಹುಡುಕುತ್ತ ಮೂರು ಹೊಸ ಗುಂಪು ಸೇರಿಬಿಟ್ಟ. ಅದರಲ್ಲಿ ಒಂದು ಗರ್ಭಿಣಿಯರ ಯೋಗಾಸನದ ಗುಂಪು. ಅದರಲ್ಲಿ ಇಂದಿಗೂ ಇದ್ದಾನೆ.

ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಕಾಕಾ ಕುಳಿತನೆಂದರೆ ಜಾಲತಾಣಗಳ ಜಾತಕ ಬಿಚ್ಚಿಕೊಳ್ಳುತ್ತದೆ. ಕಂಪನಿಯವರು ಇಟ್ಟ ಹೆಸರುಗಳನ್ನು ಅವನು ಬಳಸುವುದಿಲ್ಲ. ತಾನೇ ನಾಮಕರಣ ಮಾಡಿದ್ದಾನೆ. ನೀಲಿ ಬಣ್ಣದ್ದು 'ಸಂತಿ'. ಬರೀ ಫೋಟೋ ಹಾಕುವಂಥದ್ದು 'ಸ್ಟುಡಿಯೋ'. ದಿನವೂ ಶುಭೋದಯ ಹೊತ್ತು ತರುವ ಹಸಿರು ಬಣ್ಣದ್ದು 'ಓಣಿ'. ಎರಡು ಸಾಲು ಬರೆದು ಬೈಸಿಕೊಳ್ಳುವಂಥದ್ದು 'ಜಗಳಗಟ್ಟಿ'.

"ಸಂತ್ಯಾಗ ಎಲ್ಲಾರೂ ಒದರತಾರ, ಯಾರೂ ಕೇಳೂದಿಲ್ಲ. ಒಂದು ಸಲ ಪಂಪ್‌ಸೆಟ್ ಕೆಟ್ಟೈತಿ ಅಂತ ಬರದೆ ನೋಡ್ರಿ, ತಿಂಗಳಗಟ್ಟಲೆ ನನಗ ಪಂಪ್‌ಸೆಟ್ಟ ತೋರಸ್ತು. ಇನ್ನ ಸ್ಟುಡಿಯೋದಾಗ ಯಾರಿಗೂ ಒಂದು ನೆಗಡಿ ಬಂದದ್ದ ನಾ ನೋಡಿಲ್ಲ! ಜಗಳಗಟ್ಟ್ಯಾಗ ಒಂದು ಮಾತು ಅಂದ್ರ ಇಪ್ಪತ್ತು ಮಂದಿ ಬೈಯಾಕ ಓಡಿ ಬರ್ತಾರ. ಅಷ್ಟು ಮಂದಿ ನಮ್ಮ ತ್ವಾಟಕ್ಕ ಲಿಂಬಿ ಹರಿಯಾಕ ಬಂದಿದ್ರ ಒಂದ ದಿನದಾಗ ಕೆಲಸಾ ಮುಗೀತಿತ್ತು."

"ಅಲ್ರಿ ಸಾವಕಾರ್ರ, ಇಷ್ಟು ಬೈತೀರಿ, ಮತ್ತ ಎಲ್ಲಾದ್ರಾಗೂ ನೀವ ಅದೀರಲ್ರಿ?" ಎಂದು ಅಂಗಡಿಯವನು ಕೇಳಿದ.

"ಒಳಗ ಇದ್ದು ಬೈದ್ರ ಅದು ವಿಮರ್ಶೆ. ಹೊರಗ ನಿಂತು ಬೈದ್ರ ಚಾಡಿ" ಎಂದು ಕಾಕಾ ಇನ್ನೊಂದು ಚಹಾ ಹೇಳಿದ.

ಜನ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಕಾಕಾ ಹೀಗೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರುವುದಕ್ಕೆ ಒಂದು ಕಾರಣವಿದೆ. ಆ ಕಾರಣ ಬಸವನ ಬಾಗೇವಾಡಿಯಾಚೆ ಮಸೂತಿ ಎಂಬ ಊರಿನಲ್ಲಿ ಇದೆ. ಅದು ನನ್ನ ಅತ್ತೆ, ಎಂದರೆ ಕಾಕಾನ ಅಕ್ಕ. ಆಕೆ ಕಾಕಾನ ಜೊತೆ ಮಾತು ಬಿಟ್ಟು ಮೂರು ವರ್ಷ ಆಗಿತ್ತು.

ಆದದ್ದಿಷ್ಟು. ಮೂರು ವರ್ಷದ ಹಿಂದೆ ಕಾಕಾನ ಮಗಳ ಮದುವೆ. ನಮ್ಮ ಕಡೆ ಮದುವೆಗೆ ಕರೆಯುವುದೆಂದರೆ ಮನೆಗೆ ಹೋಗಬೇಕು, ಹೆಂಗಸರಿಗೆ ಕುಂಕುಮ ಹಚ್ಚಬೇಕು, ಕಾರ್ಡಿನ ಜೊತೆ ಅಕ್ಷತೆ ಕೊಡಬೇಕು, ಅವರು ಕೊಟ್ಟ ಚಹಾ ಕುಡಿಯಬೇಕು. ಅದೂ ಒಡಹುಟ್ಟಿದ ಅಕ್ಕನನ್ನು ಕರೆಯುವುದಿದ್ದರೆ ಎಲ್ಲರಿಗಿಂತ ಮೊದಲು ಕರೆಯಬೇಕು, ಸೀರೆ ಕೊಟ್ಟು ಕರೆಯಬೇಕು. ಆದರೆ ಕಾಕಾನಿಗೆ ಆಗಷ್ಟೇ 'ಓಣಿ'ಯ ಹುಚ್ಚು ಹತ್ತಿತ್ತು. ಕಾರ್ಡಿನ ಫೋಟೋ ತೆಗೆದ. ಕೆಳಗೆ, "ಸಮಯದ ಅಭಾವದಿಂದ ಇದನ್ನೇ ಖುದ್ದು ಆಮಂತ್ರಣವೆಂದು ಭಾವಿಸಿ ಆಗಮಿಸಬೇಕು" ಎಂದು ಬರೆದ. ಒಂದು ಗುಂಡಿ ಒತ್ತಿದ. ನಾಲ್ಕುನೂರು ಜನರಿಗೆ ಹೋಯಿತು. ಅದರಲ್ಲಿ ಅತ್ತೆಯ ಸೊಸೆಯ ಫೋನೂ ಒಂದು.

ಉಳಿದವರ ಮನೆಗೆ ಆಮೇಲೆ ಕಾಕಾನ ಹೆಂಡತಿ, ನಮ್ಮ ಕಾಕಿಯೇ ಹೋಗಿ ಕರೆದಳು, ಮರ್ಯಾದೆ ಉಳಿಯಿತು. ಆದರೆ ಮಸೂತಿಗೆ ಮಾತ್ರ, "ಅಕ್ಕ ನಮ್ಮಾಕಿನ, ನಾನ ಹೋಗಿ ಕರೀತೇನಿ" ಎಂದು ಕಾಕಾ ಅವಳನ್ನು ತಡೆದಿದ್ದ. ನಾಳೆ, ನಾಡಿದ್ದು ಎನ್ನುತ್ತ ಮದುವೆಯ ದಿನವೇ ಬಂತು. ಸೊಸೆ ಫೋನು ಹಿಡಿದು ಆ ಸಾಲನ್ನು ಓದಿ ಹೇಳಿದ್ದಕ್ಕೆ ಅತ್ತೆ ಒಂದೇ ಮಾತು ಅಂದಳಂತೆ.

"ಭಾವಿಸಬೇಕಂತ? ಆತು ಬಿಡು. ನಾ ಲಗ್ನಕ್ಕ ಬಂದೇನಿ ಅಂತ ಅಂವನೂ ಭಾವಿಸಲಿ."

ಬರಲಿಲ್ಲ. ಮದುಮಗಳಿಗೆ ಸೋದರತ್ತೆ ಆರತಿ ಎತ್ತಬೇಕು. ಆ ಹೊತ್ತಿಗೆ ಬೇರೆ ಯಾರೋ ಎತ್ತಿದರು. ನಾನು ಅತ್ತೆಯ ಮೇಲೂ ಸಿಟ್ಟಾದೆ, ಕಾಕಾನ ಮೇಲೂ ಸಿಟ್ಟಾದೆ. ನನಗೆ ಸಿಟ್ಟು ಬೇಗ ಬರುತ್ತದೆ, ನಮ್ಮ ಮನೆತನದ ಹೆಣ್ಣುಮಕ್ಕಳಿಗೆಲ್ಲ ಅದು ಬರುತ್ತದೆ. ಆದರೆ ಅತ್ತೆಯ ಸಿಟ್ಟಿಗೆ ಹಿಂದಿನ ಲೆಕ್ಕವೂ ಇತ್ತು. ಕಾಕಾನಿಗಿಂತ ಹತ್ತು ವರ್ಷ ದೊಡ್ಡವಳು ಆಕೆ. ಅಜ್ಜಿ ಹೊಲಕ್ಕೆ ಹೋದಾಗ ಅವನನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದವಳು. ಶಾಲೆಗೂ ಎತ್ತಿಕೊಂಡೇ ಹೋಗುತ್ತಿದ್ದಳಂತೆ. ಕೂಸು ಅಳುತ್ತದೆ ಎಂದು ಮಾಸ್ತರರು ಇಬ್ಬರನ್ನೂ ಹೊರಗೆ ಕಳಿಸಿದರು. ಕೂಸು ದೊಡ್ಡದಾಗಿ ಮತ್ತೆ ಶಾಲೆಗೆ ಹೋಯಿತು. ಅತ್ತೆ ಹೋಗಲಿಲ್ಲ.

ಅಂಥವಳ ಮುಂದೆ ಹೋಗಿ ತಪ್ಪಾಯಿತು ಎನ್ನುವುದು ಬಿಟ್ಟು ನಮ್ಮ ಕಾಕಾ ಏನು ಮಾಡಿದ ಅನ್ನುತ್ತೀರಿ? 'ಸಂತಿ'ಯಲ್ಲಿ ಹಾಕಿದ! ಅತ್ತೆಯ ಹಳೆಯ ಕಪ್ಪು ಬಿಳುಪು ಫೋಟೋ ಹುಡುಕಿ, ಸುತ್ತಲೂ ಹೂವಿನ ಅಂಚು ಕಟ್ಟಿ, ಕೆಳಗೆ "ಅಕ್ಕಾ, ನಿನ್ನ ನೆನಪು ಬಾಳ ಬರ್ತೈತಿ. ನನ್ನ ತಪ್ಪು ಹೊಟ್ಯಾಗ ಹಾಕ್ಕೊ" ಎಂದು ಬರೆದ. ಮಧ್ಯಾಹ್ನದೊಳಗೆ ಊರೂರಿನ ಜನ ಕೆಳಗೆ ಸಾಲುಗಟ್ಟಿದರು. ಓಂ ಶಾಂತಿ. ಆತ್ಮಕ್ಕೆ ಚಿರಶಾಂತಿ ಸಿಗಲಿ. ದುಃಖ ತಡೆಯುವ ಶಕ್ತಿ ದೇವರು ಕೊಡಲಿ. ಒಬ್ಬನಂತೂ ಕೈಮುಗಿಯುವ ಚಿತ್ರವನ್ನು ಹನ್ನೆರಡು ಸಲ ಹಾಕಿದ್ದ.

ದೂರದ ಸಂಬಂಧಿಯೊಬ್ಬರು ಮುದ್ದೇಬಿಹಾಳದಿಂದ ನೇರ ಮಸೂತಿಗೇ ಫೋನು ಮಾಡಿದರು. ಎತ್ತಿದವಳು ಅತ್ತೆ.

"ಮಣ್ಣು ಮಾಡೂದು ಎಷ್ಟೊತ್ತಿಗಿ ಐತ್ರಿ?"

"ಯಾರದ್ರಿ?"

"ದೊಡ್ಡವ್ವಾರದ್ರಿ. ಪಾಪ, ಬಾಳ ಚಲೋ ಹೆಣಮಗಳು."

"ಇನ್ನೂ ಹೊತ್ತೈತಿ ಬಿಡ್ರಿ. ರೊಟ್ಟಿ ಬಡಿಯಾಕತ್ತೇನಿ, ಮುಗಿಸಿ ತಿಳಸ್ತೇನಿ" ಎಂದು ಅತ್ತೆ ಫೋನು ಇಟ್ಟಳು.

ಅದಾದ ಮೇಲೆ ಸಿಟ್ಟು ಇನ್ನಷ್ಟು ಗಟ್ಟಿಯಾಯಿತು. ಕಾಕಾ 'ಸಂತಿ' ಬಿಟ್ಟ. 'ಸ್ಟುಡಿಯೋ'ಕ್ಕೆ ಹೋದ, ಅಲ್ಲಿ ಅತ್ತೆಯ ಫೋಟೋಕ್ಕೆ ಆ ಆ್ಯಪ್ ತಾನಾಗಿ ತುಟಿಗೆ ಕೆಂಪು ಬಳಿಯಿತು. ನಾನು ಕಾಲಿಗೆ ಬಿದ್ದು ತೆಗೆಸಿದೆ. ಆಮೇಲೆ ಇನ್ನೊಂದು, ಮತ್ತೊಂದು. ಪ್ರತಿ ಸಲವೂ, "ಇದ್ರಾಗ ಬ್ಯಾರೆ ಸೌಲತ್ತು ಐತಿ ತಂಗಿ, ಇದ್ರಾಗ ಅಕ್ಕಗ ಮುಟ್ಟತೈತಿ" ಎನ್ನುತ್ತಿದ್ದ. ನನಗೆ ನಗುವೂ ಬರುತ್ತಿತ್ತು, ಅಯ್ಯೋ ಪಾಪ ಎಂದೂ ಅನಿಸುತ್ತಿತ್ತು.

ಹೀಗಿರುವಾಗ ಕೆಲವು ತಿಂಗಳ ಹಿಂದೆ ಹೊಸದೊಂದು ಬಂತು. ಯಾರೋ ಹುಡುಗರು ಸೇರಿ ಮಾಡಿದ್ದಂತೆ. ಅದಕ್ಕೆ ತಾನಾಗಿ ಸೇರಲು ಬರುವುದಿಲ್ಲ, ಒಳಗಿದ್ದವರು ಕರೆಯಬೇಕು. ಒಬ್ಬರಿಗೆ ಸಿಗುವುದು ಐದೇ ಕರೆಯೋಲೆ. ಒಂದೊಂದನ್ನೂ ಒಬ್ಬೊಬ್ಬರಿಗೇ ಕೊಡಬೇಕು. ಮೂವತ್ತು ದಿನದೊಳಗೆ ಕೊಡದಿದ್ದರೆ ಉಳಿದದ್ದು ರದ್ದು. ನಮ್ಮ ಶಾಲೆಯ ಗಣಿತದ ಮೇಡಂ ನನ್ನನ್ನು ಕರೆದರು. ನಾನು ಕಾಕಾನಿಗೆ ಫೋನು ಮಾಡಿ, "ಒಂದು ನಂಬರ್ ಕಳಸ್ತೇನಿ, ಹಾಕ್ಕೊಂಡು ಒಳಗ ಬಾ" ಎಂದೆ.

"ಎಲ್ಲಿಂದ ಕರಿಯಾಕತ್ತಿ?"

"ಸಾಲ್ಯಾಗಿಂದ."

"ಹಂಗ ಫೋನಿನ್ಯಾಗ ಕರದ್ರ ನಾ ಬರೂದಿಲ್ಲ. ಮನಿಗಿ ಬಂದು ಕರಿ."

ಬುದ್ಧಿ ಬಂದದ್ದೇನೋ ಸರಿ, ಬರಬಾರದ ಜಾಗದಲ್ಲಿ ಬಂದಿತ್ತು. ಸಂಜೆ ಹೋದೆ. ಕಾಕಾ ತೊಳೆದ ಅಂಗಿ ಹಾಕಿ, ತಲೆಗೆ ಟೊಪ್ಪಿಗೆ ಇಟ್ಟು, ಜಮಖಾನದ ಮೇಲೆ ಬೀಗರ ಹಾಗೆ ಕುಳಿತಿದ್ದ. ಕಾಕಿ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನಾನು ಅಕ್ಷತೆ ಕೊಟ್ಟು ಕರೆದೆ. ಕಾಕಾ ಸೇರಿದ.

ಮರುದಿನದಿಂದಲೇ ಚಹಾದಂಗಡಿಯಲ್ಲಿ ತುಲನೆ ಶುರು. "ಓಣ್ಯಾಗ ಒಬ್ಬರ ಮಾತು ನೂರು ಮಂದಿಗೆ ದಾಟಸ್ತಾರ, ಇದ್ರಾಗ ದಾಟಸಾಕ ಬರೂದಿಲ್ಲ. ಸಂತ್ಯಾಗ ಎಷ್ಟು ಮಂದಿ ಮೆಚ್ಚಿದ್ರು ಅಂತ ಎಣಸ್ತಾರ, ಇದ್ರಾಗ ಎಣಿಕಿ ಇಲ್ಲ. ಸ್ಟುಡಿಯೋದಂಗ ಬಣ್ಣಾ ಬಳಿಯೂದಿಲ್ಲ, ಇದ್ದ ಮಾರಿ ಇದ್ದಂಗ."

"ಮತ್ತ ಅದು ಏನ್ ಮಾಡ್ತೈತ್ರಿ?" ಅಂಗಡಿಯವನು ಕೇಳಿದ.

ಕಾಕಾ ಚಹಾವನ್ನು ಬಸಿಗೆ ಸುರಿದುಕೊಂಡ. "ಸುಮ್ನ ಇರ್ತೈತಿ."

"ಅದಕ್ಕ ಫೋನ್ ಯಾಕ್ರಿ? ನಮ್ಮ ಅಪ್ಪನೂ ಸುಮ್ನ ಇರ್ತಾನ!"

ಯಾರು ಏನೇ ಅನ್ನಲಿ, ಕಾಕಾನಿಗೆ ಆ ಐದು ಕರೆಯೋಲೆಗಳು ಐದು ಬಂಗಾರದ ನಾಣ್ಯಗಳಾದವು. ಒಂದು ಅಕ್ಕನಿಗೆ ಎಂದು ಮೊದಲ ದಿನವೇ ಹೇಳಿಬಿಟ್ಟ. "ಇದು ನಾಕನೂರು ಮಂದೀದಲ್ಲ ತಂಗಿ. ಐದ ಮಂದೀದು. ಇದರಾಗ ಅಕ್ಕಗ ಕರದ್ರ ಆಕಿ ಇಲ್ಲ ಅನ್ನಾಕಿಲ್ಲ." ಉಳಿದ ನಾಲ್ಕನ್ನು ಮೊದಲು ಕೊಟ್ಟು ಕರೆಯುವುದನ್ನು ರೂಢಿ ಮಾಡಿಕೊಳ್ಳುತ್ತೇನೆ ಎಂದ. ಈಜು ಕಲಿಯುವವನು ಮೊದಲು ಮೊಣಕಾಲು ನೀರಿಗೆ ಇಳಿಯುವುದಿಲ್ಲವೇ, ಹಾಗೆ.

ಮೊದಲನೆಯದು ಸಿಂದಗಿಗೆ. ಅಲ್ಲಿ ಇಮಾಮಸಾಬ್ ಎಂಬ ಅವನ ಬಾಲ್ಯದ ಗೆಳೆಯನ ಬಳೆ ಅಂಗಡಿ ಇದೆ. ಕಾಕಾ ಅವನಿಗಾಗಿ ಒಂದು ಸಕ್ಕರೆ ಪುಡಿಕೆ ಕಟ್ಟಿಕೊಂಡು, ಬಸ್ಸಿನಲ್ಲಿ ಹೋಗಿ, ಗಿರಾಕಿಗಳ ಎದುರೇ ಕೈಗಿತ್ತ.

"ಯಾರ ಲಗ್ನೋ? ಮಗಳದು ಆತಲ್ಲ?"

"ಲಗ್ನ ಅಲ್ಲೋ, ಆ್ಯಪ್."

"ಎಲ್ಲೈತಿ?"

"ಫೋನಿನ್ಯಾಗ."

"ಊಟಾ?"

"ಊಟಾ ಇಲ್ಲ."

"ಊಟಾ ಇಲ್ಲದ ಕಾರ್ಯಕ್ಕ ಕರಿಯಾಕ ಇಂಡಿಯಿಂದ ಬಂದೀ ಅಂದ್ರ ನಿನ್ನ ಮನಸ ದೊಡ್ಡದ ಬಿಡಪಾ!" ಎಂದು ನಕ್ಕ ಇಮಾಮಸಾಬ್, ಸಕ್ಕರೆ ಬಾಯಿಗೆ ಹಾಕಿಕೊಂಡು, ಅಲ್ಲೇ ಸೇರಿಕೊಂಡ. ಕಾಕಿಗೆಂದು ಒಂದು ಡಜನ್ ಹಸಿರು ಬಳೆಯನ್ನೂ ಕಟ್ಟಿಕೊಟ್ಟ.

ಎರಡು, ಮೂರನೆಯದು ಮುದ್ದೇಬಿಹಾಳಕ್ಕೆ. ಅಲ್ಲಿ ಮಗಳು ಮತ್ತು ಬೀಗರು ಇರುವುದು. ಮಗಳದು ಸಲೀಸಾಗಿ ಮುಗಿಯಿತು. ಬೀಗರಿಗೆ ಫೋನಿನ ಗೊಡವೆ ಅಷ್ಟಾಗಿ ಇಲ್ಲ. ಕಾಕಾ ಒಂದು ತಾಸು ಕುಳಿತು ಹಳೆಯ ನಾಲ್ಕು ಆ್ಯಪಿಗೂ ಹೊಸದಕ್ಕೂ ಇರುವ ವ್ಯತ್ಯಾಸ ಬಿಡಿಸಿ ಹೇಳಿದ. ಅವರು ಮರ್ಯಾದೆಯಿಂದ ತಲೆಯಾಡಿಸಿದರು. ಬೀಗಿತಿಗೆ ಕಾಕಾನ ಮಗಳ ಕೈಯಿಂದ ಕುಂಕುಮ ಹಚ್ಚಿಸಿ, ಬೀಗರಿಗೆ ಅಕ್ಷತೆ ಕೊಟ್ಟು, "ಸೋಮವಾರ ಚಲೋ ದಿನ ಐತ್ರಿ, ಅವತ್ತ ಚಾಲೂ ಮಾಡೂನ್ರಿ" ಎಂದು ಹೇಳಿ ಬಂದ.

ಸೋಮವಾರ ಬೆಳಗ್ಗೆ ಹತ್ತಕ್ಕೆ ಕಾಕಾನ ಮನೆಯ ಮುಂದೆ ಬಸ್ ನಿಲ್ದಾಣದಿಂದ ಬಂದ ಒಂದು ಟಂಟಂ ಆಟೋ ನಿಂತಿತು. ಬೀಗರು, ಬೀಗಿತಿ, ಬೀಗರ ತಮ್ಮ, ಅವನ ಹೆಂಡತಿ, ನಾಲ್ಕು ಮಕ್ಕಳು. ಕೈಯಲ್ಲಿ ಒಂದು ತಾಮ್ರದ ಕೊಡ, ಕಾಕಾನಿಗೆ ಧೋತರ, ಕಾಕಿಗೆ ಖಣ.

"ಕುಂಕುಮಾ ಹಚ್ಚಿ ಕರದ ಮ್ಯಾಲೆ ಬರದಿದ್ರ ಹೆಂಗ್ರಿ ಬೀಗರ?" ಎಂದು ಬೀಗರು ಒಳಗೆ ಬಂದು ಸುತ್ತಲೂ ನೋಡಿದರು. "ಆ್ಯಪ್ ಎಲ್ಲಿ ಕಟ್ಟೀರಿ, ತ್ವಾಟದಾಗೋ ಊರಾಗೋ?"

ಕಾಕಿ ಆ ದಿನ ಎಂಟು ಜನಕ್ಕೆ ಹೋಳಿಗೆ ಮಾಡಿದಳು. ನಾನು ಶಾಲೆಗೆ ಅರ್ಧ ದಿನ ರಜೆ ಹಾಕಿ ಕಣಕ ನಾದಿದೆ. ಊಟವಾದ ಮೇಲೆ ಬೀಗರ ಫೋನಿನಲ್ಲಿ ಆ್ಯಪ್ ಹಾಕಿಕೊಟ್ಟು, "ಇದ ನೋಡ್ರಿ" ಎಂದು ಕಾಕಾ ತೋರಿಸಿದ. ಬೀಗರು ಅದನ್ನು ನೋಡಿ, "ಸಣ್ಣದಾದ್ರೂ ಚಲೋ ಐತ್ರಿ" ಎಂದರು. ಎಷ್ಟು ಒಳ್ಳೆಯ ಜನ!

ನಾಲ್ಕನೆಯದು ಕಾಕಿಗೆ. ಕಾಕಾ ಅಂಗಳಕ್ಕೆ ಹೋಗಿ, ಕಾಲು ತೊಳೆದು, ಹೊರಗಿನವರ ಹಾಗೆ ಬಾಗಿಲು ಬಡಿದು ಅಡುಗೆಮನೆಗೆ ಬಂದ. "ನಿಮ್ಮನ್ನ ಕರಿಯಾಕ ಬಂದೇನ್ರಿ" ಎಂದ.

"ನಾಕು ಮಾರು ದೂರ ಇರ್ತೀರಿ. ನಿಮ್ಮ ಮಾರಿ ನೋಡಾಕ ನನಗ ಫೋನ್ ಯಾಕ್ರಿ?" ಎಂದು ಕಾಕಿ ಸಾರಿಗೆ ಒಗ್ಗರಣೆ ಹಾಕಿದಳು. ಆದರೂ ಹಣೆ ಮುಂದೆ ಚಾಚಿದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಕಾಕಾ ಅವಳನ್ನು ಯಾವುದಕ್ಕಾದರೂ ಕುಂಕುಮ ಹಚ್ಚಿ ಕರೆದದ್ದು ಅದೇ ಮೊದಲಂತೆ.

ಉಳಿದದ್ದು ಐದನೆಯದು. ಅಲ್ಲಿ ಗಾಡಿ ನಿಂತಿತು.

ಮೊದಲ ಸಲ ಕಾಕಾ ಕುಂಕುಮದ ಭರಣಿ, ಸೀರೆ, ತೆಂಗಿನಕಾಯಿ ಚೀಲದಲ್ಲಿಟ್ಟುಕೊಂಡು ಹೊರಟು ವಿಜಯಪುರದಿಂದಲೇ ವಾಪಸು ಬಂದ. ಯಾಕೆ? "ಬಸ್ ಬಾಳ ರಶ್ ಇತ್ತು." ಎರಡನೇ ಸಲ ಬಸವನ ಬಾಗೇವಾಡಿಯವರೆಗೆ ಹೋದ. ಮಸೂತಿ ಬಸ್ಸು ಎದುರೇ ನಿಂತಿತ್ತಂತೆ. "ಕಿಡಕಿ ಕಡೆ ಸೀಟ್ ಇರಲಿಲ್ಲ." ಲಿಂಬೆ ಕೊಳ್ಳಲು ಬರುವ ವ್ಯಾಪಾರಿಗಳ ಎದುರು ಎದೆ ಸೆಟೆಸಿ ಕೂಗಾಡುವ ಮನುಷ್ಯ! ಆ್ಯಪಿನಲ್ಲಿ ಉಳಿದ ದಿನಗಳು ಕೆಂಪಕ್ಷರದಲ್ಲಿ ಕಾಣುತ್ತಿದ್ದವು. ಹನ್ನೊಂದು. ಏಳು. ನಾಲ್ಕು. ಬೆಳಗ್ಗೆ ಎದ್ದ ಕೂಡಲೇ ಅದನ್ನು ನೋಡಿ, ಫೋನು ಬೋರಲು ಹಾಕಿ, ತೋಟಕ್ಕೆ ಹೋಗಿಬಿಡುತ್ತಿದ್ದ.

ಕಾಕಿ ನನ್ನನ್ನು ಕರೆಸಿದಳು. "ಇವರ್ನ ನೀನ ಕರಕೊಂಡು ಹೋಗವಾ. ನನ್ನಿಂದ ಆಗೂದಿಲ್ಲ. ಮೂರು ವರ್ಷ ಆತು, ಪಂಚಮಿಗಿ ಅಕ್ಕ ಬರಲಿಲ್ಲ ಅಂತ ಒಂದು ಉಂಡಿ ಬಾಯಾಗ ಇಟ್ಟಿಲ್ಲ. ಮಂದ್ಯಾಗ ನಗಸ್ತಾರ, ಮನ್ಯಾಗ ಬಂದು ಗ್ವಾಡಿ ಕಡೆ ಮಾರಿ ಮಾಡಿ ಮಲಗ್ತಾರ."

ನಾಗರ ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುವುದು, ಎಲ್ಲರೂ ಕೂಡಿ ಉಂಡೆ ತಿನ್ನುವುದು ನಮ್ಮ ಕಡೆಯ ರೂಢಿ. ಈ ಮೂರು ವರ್ಷ ಬಿಟ್ಟರೆ ಅತ್ತೆ ಮದುವೆಯಾದಾಗಿನಿಂದ ಒಂದು ಪಂಚಮಿಯನ್ನೂ ತಪ್ಪಿಸಿದವಳಲ್ಲ. ಕಾಕಿಯ ಮಾತು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ನೀರು ಬಂದರೆ ನನಗೆ ಅದರ ಹಿಂದೆಯೇ ಸಿಟ್ಟು ಬರುತ್ತದೆ. ಭಾನುವಾರ ಬೆಳಗ್ಗೆ ಹೋಗಿ ಕಾಕಾನ ರಟ್ಟೆ ಹಿಡಿದು ಬಸ್ಸು ಹತ್ತಿಸಿದೆ. ಎರಡು ದಿನ ಉಳಿದಿತ್ತು.

ಬಾಗೇವಾಡಿ ನಿಲ್ದಾಣದಲ್ಲಿ ಇಳಿದಾಗ ಕಾಕಾ ಮೆಲ್ಲಗೆ, "ತಂಗಿ, ಇಲ್ಲಿಂದ ಒಂದು ಮೆಸೇಜ್ ಹಾಕಿ ನೋಡ್ಲ್ಯಾ, ಬರಾಕತ್ತೇನಿ ಅಂತ?" ಎಂದ. ನಾನು ಫೋನು ಕಸಿದು ನನ್ನ ಚೀಲಕ್ಕೆ ಹಾಕಿಕೊಂಡೆ. ಮಸೂತಿ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟೇ ಸಿಕ್ಕಿತು. ಕಾಕಾ ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲೆ ತಬ್ಬಿ ಹಿಡಿದು ಕುಳಿತ.

ಅತ್ತೆ ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದಳು. ತಲೆ ಎತ್ತಿ ನನ್ನನ್ನು ನೋಡಿದಳು. "ಬಾರವಾ. ಒಬ್ಬಾಕಿನ ಬಂದೀ?"

ಕಾಕಾ ನನ್ನ ಪಕ್ಕದಲ್ಲೇ, ಕೈಯಲ್ಲಿ ತೆಂಗಿನಕಾಯಿ ಹಿಡಿದು, ಇಷ್ಟುದ್ದ ನಿಂತಿದ್ದಾನೆ!

"ಇಲ್ಲತ್ತಿ, ಕಾಕಾನೂ ಬಂದಾನ."

"ಹೌದಾ? ಯಾಕ ಬಂದ? ಫೋಟೋ ಕಳ್ಸಿದ್ರ ಸಾಕಾಗ್ತಿತ್ತಲ್ಲ."

ಸೊಸೆ ನೀರು ತಂದಿಟ್ಟಳು. ನಾನು ಕುಳಿತೆ, ಕಾಕಾ ಕುಳಿತುಕೊಳ್ಳಲಿಲ್ಲ. ಅತ್ತೆ ನನ್ನನ್ನೇ ನೋಡುತ್ತ, "ನಿಂತವರಿಗಿ ಕುಂಡ್ರಾಕ ಹೇಳವಾ. ಬೆಳಕಿಗಿ ಅಡ್ಡ ಆಗೈತಿ, ಬ್ಯಾಳ್ಯಾಗಿನ ಹಳ್ಳು ಕಾಣವಲ್ದು" ಎಂದಳು. ಕಾಕಾ ತಟ್ಟನೆ ನೆಲದ ಮೇಲೆ ಕುಳಿತ.

"ಅಕ್ಕಾ, ಕರಿಯಾಕ ಬಂದೇನಿ."

"ಲಗ್ನ ಆಗಿ ಮೂರು ವರ್ಷ ಆತು. ತಡಾ ಆತಲ್ಲ?" ಮೂರು ವರ್ಷದಲ್ಲಿ ನೇರವಾಗಿ ಅವನಿಗೆ ಆಡಿದ ಮೊದಲ ಮಾತು ಅದು.

"ಲಗ್ನಕ್ಕಲ್ಲಕ್ಕಾ. ಒಂದು ಹೊಸಾ ಆ್ಯಪ್ ಬಂದೈತಿ."

ಆಮೇಲೆ ನಮ್ಮ ಕಾಕಾ, ಚಹಾದಂಗಡಿಯ ಮಹಾ ವಿಮರ್ಶಕ, ಶಾಲೆಯಲ್ಲಿ ಪಾಠ ಒಪ್ಪಿಸುವ ಹುಡುಗನ ಹಾಗೆ ಶುರು ಮಾಡಿದ. ಸಂತೆಯಲ್ಲಿ ಹೀಗೆ, ಓಣಿಯಲ್ಲಿ ಹೀಗೆ, ಇದರಲ್ಲಿ ಹಾಗಿಲ್ಲ. ಅತ್ತೆ ಬೇಳೆಯೊಳಗಿನ ಸಣ್ಣ ಕಲ್ಲು ಆರಿಸುತ್ತಲೇ ಇದ್ದಳು. "ಇದರಾಗ ಒಮ್ಮಿಗೇ ನಾಕನೂರು ಮಂದಿಗಿ ಕಳಸಾಕ ಬರೂದಿಲ್ಲಕ್ಕಾ. ಐದ ಮಂದಿ. ಒಬ್ಬೊಬ್ಬರ್ನ ಕರೀಬೇಕು" ಎಂದಾಗ ಅವಳ ಕೈ ನಿಂತಿತು.

"ನಾ ಎಷ್ಟನೇದಾಕಿ?"

ನಾನು ತಟ್ಟನೆ ಎದ್ದೆ. ಅತ್ತೆಯ ಬೆನ್ನ ಹಿಂದೆ ಸರಿದು ಕಾಕಾನಿಗೆ ಒಂದು ಬೆರಳು ತೋರಿಸಿದೆ. ಮೊದಲನೇದಾಕಿ ಅನ್ನು ಮಾರಾಯಾ! ನಿನ್ನೆ ಕಿತ್ತ ಲಿಂಬೆಹಣ್ಣನ್ನು ಈಗಷ್ಟೇ ಕಿತ್ತದ್ದು ಎಂದು ಕಣ್ಣು ಮಿಟುಕಿಸದೆ ಹೇಳುವವನು ಅವನು. ಅಂಥವನು ನನ್ನ ಬೆರಳನ್ನೂ ನೋಡಿದ, ಅಕ್ಕನ ಮುಖವನ್ನೂ ನೋಡಿದ.

"ಐದನೇದಾಕಿ" ಎಂದ.

"ಹಂಗಾರ ಕಡೀಕ."

"ಮೊದಲನೇದು ನಿಂದ ಅಂತ ತಗದ ಇಟ್ಟಿದ್ದೆ ಅಕ್ಕಾ. ಬರಾಕ ಅಂಜಿದೆ. ಎರಡು ಸಲ ಅರ್ಧಾ ದಾರಿಯಿಂದ ಹೊಳ್ಳಿ ಹೋದೆ. ಇವತ್ತೂ ಇಕಿ ಎಳಕೊಂಡು ಬಂದಾಳ." ಕಾಕಾ ತೆಂಗಿನಕಾಯಿ ಕೆಳಗಿಟ್ಟ. "ಅವತ್ತ ಭಾರಿ ತಪ್ಪು ಮಾಡಿದೆ. ನಾ ಬಂದು ಕರೀಬೇಕಿತ್ತು. ತಪ್ಪಾತು."

ಅತ್ತೆ ಇನ್ನೊಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. ಆಮೇಲೆ ಕೇಳಿದಳು, "ಆರತಿ ಯಾರು ಎತ್ತಿದ್ರು?"

"ಗೊತ್ತಿಲ್ಲ. ನಾ ನೋಡ್ಲಿಲ್ಲ. ಬಾಗಲಾ ನೋಡಕೋತ ನಿಂತಿದ್ದೆ, ನೀ ಬರ್ತಿ ಅಂತ."

ಅದು ನಿಜ. ನಾನು ಆ ದಿನ ಅವನ ಪಕ್ಕದಲ್ಲೇ ಇದ್ದೆ. ಅಕ್ಷತೆ ಬೀಳುವಾಗಲೂ ಅವನ ಮುಖ ಬಾಗಿಲಿನ ಕಡೆಗೇ ಇತ್ತು. ನಾನು ಅದನ್ನು ಅತ್ತೆಗೆ ಹೇಳಿದೆ. ಅತ್ತೆ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಏನೋ ತಂದಿದ್ಯಲ್ಲ, ಹಚ್ಚು" ಎಂದು ಸೆರಗು ಹೊದ್ದು ಹಣೆ ಮುಂದೆ ಮಾಡಿದಳು. ಮನೆಯ ಹೆಂಗಸರು ಹಚ್ಚುವುದು ರೂಢಿ, ಕಾಕಾನೇ ಭರಣಿಗೆ ಬೆರಳಿಟ್ಟ. ಅರ್ಧ ಕುಂಕುಮ ಮೂಗಿನ ಮೇಲೆ ಬಿತ್ತು. "ಮೂಗಿಗಿ ಅಲ್ಲೋ ಹುಚ್ಚಪ್ಪಾ, ಹಣಿಗಿ" ಎಂದಳು ಅತ್ತೆ. ಸೊಸೆ ನಕ್ಕಳು, ನಾನೂ ನಕ್ಕೆ. ಕಾಕಾ ಸೀರೆ, ತೆಂಗಿನಕಾಯಿ ಅವಳ ಉಡಿಗೆ ಹಾಕಿ ಕಾಲು ಮುಟ್ಟಿದ.

"ಆತಲ್ಲ? ಅದೇನು ಸೇರಬೇಕೋ ಸೇರಸವಾ" ಎಂದು ಅತ್ತೆ ನನ್ನ ಕಡೆ ತಿರುಗಿದಳು. ಸೊಸೆ ತನ್ನ ಫೋನು ತಂದುಕೊಟ್ಟಳು. ಅತ್ತೆಗೆ ಓದು ಬರದು, ನಾನೇ ಒಂದೊಂದನ್ನೂ ಕೇಳಿ ಬರೆಯತೊಡಗಿದೆ. ಹೆಸರು, ಊರು. ಕೊನೆಗೆ ಒಂದು ಸಾಲು ಬಂತು: ನಿಮ್ಮನ್ನು ಕರೆದವರು ಯಾರು? ನಾನು ಕಾಕಾನ ಹೆಸರು, ಅಡ್ಡಹೆಸರು ಪೂರ್ತಿ ಬರೆದೆ.

"ಏನ್ ಬರದೆವಾ ಈಗ?"

"ಯಾರು ಕರದ್ರು ಅಂತ ಕೇಳಾಕತ್ತೈತತ್ತಿ. ಕಾಕಾನ ಹೆಸರ ಬರದೆ."

"ಹೆಸರ ಅಳಸು. 'ನನ್ನ ತಮ್ಮ' ಅಂತ ಬರಿ."

ಅಳಿಸಿದೆ, ಬರೆದೆ.

"ಅದರ ಮುಂದ, 'ಮನಿಗಿ ಬಂದು ಕರದಾನ' ಅಂತನೂ ಬರಿ. ಬರದ್ಯಾ? ಈಗ ಜೋರಾಗಿ ಓದು."

ನಾನು ಓದಿದೆ. "ನನ್ನ ತಮ್ಮ. ಮನಿಗಿ ಬಂದು ಕರದಾನ."

ಕಾಕಾ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತ. ಅತ್ತೆ ಅವನ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದು, ಅಡುಗೆಮನೆಯ ಕಡೆ ನಡೆದಳು. "ಇನ್ನೊಂದೀಟು ಹಿಟ್ಟು ನಾದವಾ" ಎಂದು ಸೊಸೆಗೆ ಹೇಳುವುದು ಕೇಳಿಸಿತು. "ಅಂವಾ ಆರಿದ ರೊಟ್ಟಿ ತಿನ್ನೂದಿಲ್ಲ."